ಸಂಪಾದಕರ ಉತ್ತರ: ಪಿ, ಎ ಗ್ರೇವ್, ಪೌಂಡ್

ಓದುಗರ ಪತ್ರ:

"ನಾನು ನಿವೃತ್ತ ಕನ್ನಡ ಮೇಷ್ಟ್ರು. ಗ್ಲಾಕೋಮಾದಿಂದ ಹನ್ನೊಂದು ವರ್ಷದ ಹಿಂದೆ ಕಣ್ಣು ಹೋಯಿತು. ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಬ್ಯಾಂಕಿನ ಮೆಸೇಜು, ಸುದ್ದಿ, ಮಗಳ ವಾಟ್ಸಾಪು ಎಲ್ಲ ನಾನೇ ಓದಿಕೊಳ್ಳುತ್ತೇನೆ. ನಿಮ್ಮ ಪತ್ರಿಕೆಗೂ ಚಂದಾ ಕಟ್ಟಿದ್ದೇನೆ. ಪ್ರತಿ ತಿಂಗಳು ಪಿಡಿಎಫ್ ಬರುತ್ತೆ. ಆದರೆ ಫೋನು ಅದನ್ನು ಓದಲ್ಲ, ಏನೋ ಬೈಯುತ್ತೆ. ಕಳೆದ ಸಂಚಿಕೆಯಲ್ಲಿ ಅಂಧ ವಿದ್ಯಾರ್ಥಿಗಳ ಬಗ್ಗೆ ಎಂಟು ಪುಟ ಬರೆದಿದ್ದೀರಂತೆ, ಪಕ್ಕದ ಮನೆಯವರು ಹೇಳಿದರು. ಕಚೇರಿಗೆ ಫೋನ್ ಮಾಡಿದರೆ 'ಮನೇಲಿ ಯಾರ ಹತ್ರನಾದ್ರೂ ಓದಿಸ್ಕೊಳ್ಳಿ ಸಾರ್' ಅಂದರು. ನನ್ನ ಹೆಂಡತಿಗೆ ಅವಳದೇ ಓದು ಇದೆ. ಆಡಿಯೊ ಬೇಡ. ಓದೋಕೆ ಬಿಡಿ ಸಾಕು. ಹಳೆಯ ಸಂಚಿಕೆಗಳನ್ನೂ ಯುಗಾದಿಯೊಳಗೆ ಸರಿ ಮಾಡಿಸಿ. ತಾ.ಕ.: ನಿಮ್ಮ ಪದಬಂಧ ಬಿಡಿಸಿ ಹನ್ನೊಂದು ವರ್ಷವಾಯಿತು."

ಮೇಷ್ಟ್ರೇ,

ಮೊದಲು ಆ ಫೋನ್ ಕರೆಯ ವಿಷಯ ಮುಗಿಸುತ್ತೇನೆ. ನಿಮಗೆ ಹಾಗೆ ಉತ್ತರ ಕೊಟ್ಟ ಹುಡುಗನ ಮೇಲೆ ಸಿಟ್ಟು ಬೇಡ. ಹಿಂದೊಮ್ಮೆ ಇನ್ನೊಬ್ಬ ಓದುಗರು ಇದನ್ನೇ ಕೇಳಿದಾಗ, ಹೀಗೆ ಹೇಳಪ್ಪ ಅಂತ ಅವನಿಗೆ ಹೇಳಿಕೊಟ್ಟವನು ನಾನೇ. ಆಗ ಅದು ಸಮಾಧಾನದ ಮಾತು ಅನ್ನಿಸಿತ್ತು. ನಿಮ್ಮ ಪತ್ರ ಓದಿದ ಮೇಲೆ, ಹೋಟೆಲಿಗೆ ಬಂದ ಗಿರಾಕಿಗೆ "ಮನೇಲಿ ಊಟ ಮಾಡ್ಕೊಳ್ಳಿ" ಅಂದ ಹಾಗಿದೆ ಅನ್ನಿಸಿತು. ತಪ್ಪಾಯಿತು.

ಪತ್ರ ಬಂದ ಮರುದಿನ ಬೆಳಿಗ್ಗೆ ಕಚೇರಿಯ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಸಿದೆ. ನಿಮಗೆ ಗೊತ್ತಿರುತ್ತೆ, ಉಳಿದ ಓದುಗರಿಗಾಗಿ ಹೇಳುತ್ತೇನೆ. ಇದು ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರು ಮಾಡಿದರು, ಆಮೇಲೆ ಜೇಮ್ಸ್ ಟೆ ಕೈಜೋಡಿಸಿದರು. ಇಬ್ಬರಿಗೂ ಕಣ್ಣು ಕಾಣಲ್ಲ. ದುಬಾರಿ ತಂತ್ರಾಂಶ ಕೊಳ್ಳೋಕೆ ಆಗದವರಿಗೂ ಸಿಗಲಿ ಅಂತ ಪುಕ್ಕಟೆ ಕೊಟ್ಟರು. ಅದರ ಜೊತೆಗೇ ಬರುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತೆ. ದನಿ ಸ್ವಲ್ಪ ಡಬ್ಬದೊಳಗಿಂದ ಬಂದ ಹಾಗಿರುತ್ತೆ, ಆದರೆ ಉಚ್ಚಾರ ಸ್ಪಷ್ಟ. ಅದರಲ್ಲಿ ಪರದೆಯನ್ನು ಪೂರ್ತಿ ಕಪ್ಪು ಮಾಡುವ ಸೌಕರ್ಯವೂ ಇದೆ. ಅದನ್ನು ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು, ನಮ್ಮದೇ ಪತ್ರಿಕೆಯ ಹೊಸ ಪಿಡಿಎಫ್ ತೆರೆದೆ.

ಮೊದಲು ಒಂದಿಷ್ಟು ಅರ್ಥವಾಗದ ಗೊಣಗಾಟ. ಸರಿ, ಒಂದೊಂದೇ ಅಕ್ಷರ ಕೇಳೋಣ ಅಂತ ಬಾಣದ ಕೀಲಿ ಒತ್ತಿದೆ. ಸಂಪಾದಕೀಯದ ಮೊದಲ ಪದ "ಕನ್ನಡ" ಅಂತ ನನಗೆ ಗೊತ್ತು, ಬರೆದವನು ನಾನೇ. ಕಿವಿಗೆ ಬಿದ್ದದ್ದು ಇದು: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್.

ನೀವು "ಬೈಯುತ್ತೆ" ಅಂತ ಬರೆದದ್ದು ತಮಾಷೆಗೆ ಅಂದುಕೊಂಡಿದ್ದೆ.

ಇದು ಯಾಕೆ ಹೀಗೆ ಅಂತ ನಮ್ಮ ಪುಟ ಕಟ್ಟುವವರ ಪಕ್ಕ ಕೂತು ತಿಳಿದುಕೊಂಡೆ. ನಾವು ಇಪ್ಪತ್ತು ವರ್ಷದಿಂದ ಪುಟ ಕಟ್ಟುತ್ತಿರುವುದು ಹಳೆಯ ಕಾಲದ ಫಾಂಟಿನಲ್ಲಿ, 'ನುಡಿ' ಅನ್ನೋ ಕನ್ನಡ ತಂತ್ರಾಂಶದ ಶೈಲಿಯದ್ದು. ಅದು ಬಂದಾಗ ಕಂಪ್ಯೂಟರಿಗೆ ಕನ್ನಡ ಅನ್ನೋ ಭಾಷೆ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಒಂದು ಉಪಾಯ ಹೂಡಿದರು. ಇಂಗ್ಲಿಷಿನ 'ಪಿ' ಇರುವ ಮನೆಯಲ್ಲಿ ತಲೆಕಟ್ಟಿಲ್ಲದ 'ಕ'ದ ಚಿತ್ರ ಇಟ್ಟರು. ತಲೆಯ ಮೇಲೆ ಗೀಟಿರುವ 'ಎ' ಮನೆಯಲ್ಲಿ ತಲೆಕಟ್ಟು. ಎರಡನ್ನೂ ಪಕ್ಕದಲ್ಲಿಟ್ಟರೆ ಕಣ್ಣಿಗೆ 'ಕ'. 'ನ' ಒತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರದ ಮನೆ ಸಿಕ್ಕಿತು. ಅಂದರೆ ನಮ್ಮ ಕಡತದಲ್ಲಿ ಇರುವುದು ಕನ್ನಡವೇ ಅಲ್ಲ. ಕನ್ನಡದ ವೇಷ ಹಾಕಿದ ಇಂಗ್ಲಿಷ್ ಚಿಹ್ನೆಗಳು. ಕಣ್ಣಿಗೆ ವೇಷ ಮಾತ್ರ ಕಾಣುತ್ತೆ. ನಿಮ್ಮ ಫೋನಿಗೆ ಒಳಗಿರೋರು ಕಾಣುತ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೆ.

ಬಯ್ಯೋದಲ್ಲ ಆ ಫಾಂಟುಗಳನ್ನು. ಆಗಿನ ಕಾಲಕ್ಕೆ ಅವು ಕನ್ನಡವನ್ನು ಕಂಪ್ಯೂಟರಿಗೆ ತಂದವು, ಸಾವಿರಾರು ಜನ ಅದರಲ್ಲೇ ಬೆರಳಚ್ಚು ಕಲಿತರು, ಎಷ್ಟೋ ಮನೆಯ ಒಲೆ ಅದರಿಂದಲೇ ಉರಿಯಿತು. ಬಯ್ಯಬೇಕಾದ್ದು ನಮ್ಮನ್ನು. ಯೂನಿಕೋಡ್ ಬಂದು ಎಷ್ಟು ಕಾಲವಾಯಿತು! ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ನಂಬರು. 'ಕ' ಅಂದರೆ 3221. ಹಾಸನದ ಫೋನಿಗೂ ಅಷ್ಟೇ, ಹೂಸ್ಟನ್ನಿನ ಕಂಪ್ಯೂಟರಿಗೂ ಅಷ್ಟೇ. ನೀವು ದಿನಾ ಓದುವ ಸುದ್ದಿ, ಮಗಳ ಮೆಸೇಜು ಎಲ್ಲ ಯೂನಿಕೋಡಿನಲ್ಲಿರುವುದಕ್ಕೇ ಫೋನು ಓದುತ್ತೆ. ನಾವು ಬದಲಾಗಲಿಲ್ಲ. ಪುಟ ಕಟ್ಟುವ ಹಳೆಯ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ, ಹೊಸ ತಂತ್ರಾಂಶಕ್ಕೆ ದುಡ್ಡು ಬೇಕು, ಕೈಗೆ ಕೂತ ಅಭ್ಯಾಸ ಬಿಡೋಕೆ ಮನಸ್ಸಿಲ್ಲ. ಅಚ್ಚಾದ ಪುಟ ಚೆನ್ನಾಗೇ ಕಾಣುತ್ತಲ್ಲ, ಯಾಕೆ ಸುಮ್ನೆ ರಗಳೆ ಅಂತ ಮುಂದೂಡಿದೆವು.

ಬದಲಾಯಿಸುವುದು ಗುಂಡಿ ಒತ್ತಿದಷ್ಟು ಸುಲಭವೂ ಅಲ್ಲ. ಹಳೆಯ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ನಾವೂ ಒಂದು ಲೇಖನ ಹಾಕಿ ನೋಡಿದೆವು. ಸೂರ್ಯ ಹೋಗಿ "ಸೂಯರ್" ಆದ. ಕಾರ್ಯ "ಕಾಯರ್" ಆಯಿತು. ಅರ್ಕಾವತ್ತಿನ ಕಾಟ ಇದು, ನಿಮಗೆ ಹೇಳಬೇಕಾಗಿಲ್ಲ. ಬಾಯಲ್ಲಿ 'ರ್' ಮೊದಲು, 'ಯ' ಆಮೇಲೆ. ಬರಹದಲ್ಲಿ ಅರ್ಕಾವತ್ತು 'ಯ'ದ ಬಲಕ್ಕೆ ಹೋಗಿ ಕೂರುತ್ತೆ. ಹಳೆಯ ಫಾಂಟು ಕಂಡ ಕ್ರಮದಲ್ಲಿ ಇಟ್ಟುಕೊಂಡಿದೆ. ಪರಿವರ್ತಕ ಅದನ್ನು ಹಿಂದಕ್ಕೆ ತಂದು ಕೂರಿಸದಿದ್ದರೆ ಸೂಯರ್ ಹುಟ್ಟುತ್ತಾನೆ.

ಇನ್ನೊಂದು ಇನ್ನೂ ಮೋಜಿನದು. ಒಂದು ಲೇಖನ ಮೊದಲೇ ಯೂನಿಕೋಡಿನಲ್ಲಿ ಬಂದಿತ್ತು, ಲೇಖಕರು ಮೊಬೈಲಿನಲ್ಲೇ ಬರೆದು ಕಳಿಸಿದ್ದರು. ಇದಾದರೂ ಸರಿ ಓದುತ್ತೆ ಅಂತ ಕೇಳಿದರೆ "ಬೆ, ಸೊನ್ನೆ, ಗಳೂರು" ಅಂದಿತು. ಪರದೆ ಬೆಳಗಿಸಿ ನೋಡಿದೆ. ಬೆಂಗಳೂರು ಸರಿಯಾಗೇ ಇದೆ! ಕನ್ನಡಕ ಒರೆಸಿ ನೋಡಿದೆ, ಆಗಲೂ ಸರಿಯಾಗೇ ಇದೆ. ಅರ್ಧ ಗಂಟೆ ತಲೆ ಕೆರೆದ ಮೇಲೆ ಹೊಳೆಯಿತು. ಅವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಹಾಕಿದ್ದಾರೆ. ಎರಡೂ ದುಂಡಗೆ, ಎರಡೂ ಒಂದೇ ಅಳತೆ. ಯೂನಿಕೋಡಿನಲ್ಲಿ ಅನುಸ್ವಾರದ ನಂಬರು 3202, ಸೊನ್ನೆಯದು 3302. ಸರಿಯಾಗಿ ನೂರು ಮನೆ ದೂರ. ಕಿವಿಗೆ ಕೇಳಿದ್ದು ನಮ್ಮ ನಾಲ್ಕು ಜೋಡಿ ಕಣ್ಣಿಗೆ ಕಾಣಲಿಲ್ಲ. ಅಂದಹಾಗೆ ಆ ಒಂದೇ ಬೆಳಿಗ್ಗೆ ಕಿವಿಯಲ್ಲಿ ಕೇಳಿ ಹನ್ನೆರಡು ಕಾಗುಣಿತದ ತಪ್ಪು ಹಿಡಿದೆ, ಮೂರು ಸಲ ಕರಡು ತಿದ್ದಿದ್ದ ಲೇಖನಗಳಲ್ಲಿ. ಈಗ ಅಚ್ಚಿಗೆ ಹೋಗುವ ಮುಂಚೆ ಪ್ರತಿ ಲೇಖನವನ್ನೂ ಒಂದು ಸಲ ಕೇಳುತ್ತಿದ್ದೇವೆ. ಇದು ನಿಮಗೆ ಮಾಡುತ್ತಿರುವ ಉಪಕಾರ ಅಲ್ಲ, ನಮ್ಮ ಲಾಭಕ್ಕೆ.

"ಈಗ ಎಐ ಬಂದಿದೆ, ಚಿತ್ರ ತೋರಿಸಿದರೂ ಓದುತ್ತೆ, ನಾವ್ಯಾಕೆ ತಲೆ ಕೆಡಿಸ್ಕೋಬೇಕು" ಅಂತ ಕಚೇರಿಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಪುಟದ ಫೋಟೋದಿಂದ ಅಕ್ಷರ ಎತ್ತುವ ಒಸಿಆರ್ ಈಗ ಕನ್ನಡಕ್ಕೂ ಚೆನ್ನಾಗಿದೆ, ಹತ್ತು ವರ್ಷದ ಹಿಂದಿನ ಹಾಗಿಲ್ಲ. ಕತೆ ಓದೋಕೆ ಸಾಕು. ಆದರೆ 'ದ'ಗೂ 'ಧ'ಗೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು, ಅಷ್ಟೆ. ಅಚ್ಚು ಸ್ವಲ್ಪ ಮಸುಕಾದರೆ ಧನ ದನವಾಗುತ್ತೆ. ಕತೆಯಲ್ಲಾದರೆ ನಕ್ಕು ಮುಂದೆ ಹೋಗಬಹುದು. ಔಷಧಿಯ ಚೀಟಿಯಲ್ಲಿ, ಪಹಣಿಯಲ್ಲಿ, ಅರ್ಜಿ ಹಾಕುವ ಕೊನೆಯ ದಿನಾಂಕದಲ್ಲಿ ಹಾಗೆ ಆಗಬಾರದಲ್ವಾ? ಅಸಲು ಅಕ್ಷರ ನಮ್ಮ ಹತ್ತಿರವೇ ಇದೆ. ಅದನ್ನು ಚಿತ್ರ ಮಾಡಿ ಕಳಿಸಿ, ನೀವು ಆ ಚಿತ್ರದಿಂದ ಮತ್ತೆ ಅಕ್ಷರ ತೆಗೆಯಿರಿ ಅನ್ನುವುದು, ಅಕ್ಕಿ ಇಟ್ಟುಕೊಂಡು ಹಿಟ್ಟು ಕಳಿಸಿ "ಅನ್ನ ಮಾಡ್ಕೊಳ್ಳಿ" ಅಂದ ಹಾಗೆ.

ಈ ಚಪಲ ನಮ್ಮೊಬ್ಬರದೇ ಅಲ್ಲ. ಸುತ್ತೋಲೆ ಟೈಪು ಮಾಡುತ್ತಾರೆ, ಪ್ರಿಂಟು ತೆಗೆಯುತ್ತಾರೆ, ಸಹಿ ಹಾಕುತ್ತಾರೆ, ಸೀಲು ಹೊಡೆಯುತ್ತಾರೆ, ಮೊಬೈಲಿನಲ್ಲಿ ಓರೆಯಾಗಿ ಫೋಟೋ ಹೊಡೆದು ಗುಂಪಿಗೆ ಹಾಕುತ್ತಾರೆ. ಮದುವೆ ಕರೆಯೋಲೆ, ಸಾವಿನ ಸುದ್ದಿ, ಕರೆಂಟು ಹೋಗುವ ಹೊತ್ತು, ಎಲ್ಲವೂ ಚಿತ್ರ. 2011ರ ಜನಗಣತಿ ಪ್ರಕಾರ ದೇಶದಲ್ಲಿ ದೃಷ್ಟಿದೋಷ ಇರುವವರು 50 ಲಕ್ಷಕ್ಕೂ ಜಾಸ್ತಿ, ಕರ್ನಾಟಕದಲ್ಲಿ ಸುಮಾರು 2.64 ಲಕ್ಷ. ಕೆಳಗೆ ನಾಲ್ಕು ಸಾಲು ಟೈಪು ಮಾಡಿ ಹಾಕಿದ್ದರೆ ಇಷ್ಟೂ ಜನಕ್ಕೆ ತಲುಪುತ್ತಿತ್ತು.

ಆಡಿಯೊ ಬೇಡ ಅಂದಿದ್ದೀರಿ. ಮೊದಲು ಅದು ನನಗೆ ಅರ್ಥವಾಗಲಿಲ್ಲ. ದನಿ ಚೆನ್ನಾಗಿರುವವರಿಂದ ಓದಿಸಿ ಕೊಟ್ಟರೆ ಇನ್ನೂ ಒಳ್ಳೆಯದಲ್ವಾ ಅಂದುಕೊಂಡೆ. ಹಾಗೆ ಓದಿಸಿದ ಪುಸ್ತಕಗಳಿಗೆ ತಮ್ಮದೇ ಬೆಲೆ ಇದೆ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ 1990ರಿಂದ ಇದೆ, ಅಲ್ಲಿನ ಮಾತಾಡುವ ಪುಸ್ತಕಗಳ ಗ್ರಂಥಾಲಯ ಎಷ್ಟೋ ಮಕ್ಕಳನ್ನು ಪರೀಕ್ಷೆ ಪಾಸು ಮಾಡಿಸಿದೆ. ಆದರೆ ಕಪ್ಪು ಪರದೆಯ ಮುಂದೆ ಕೂತ ಮೇಲೆ ನಿಮ್ಮ ಮಾತು ತಿಳಿಯಿತು. ಓದುವವನು ಹಿಂದಿನ ಸಾಲಿಗೆ ಹೋಗುತ್ತಾನೆ. ಬೇಜಾರಾದರೆ ಪುಟ ಹಾರಿಸುತ್ತಾನೆ. ಹೆಸರಿನ ಕಾಗುಣಿತ ಹೇಗೆ ಅಂತ ನಿಂತು ನೋಡುತ್ತಾನೆ. ಶೀರ್ಷಿಕೆಗಳ ಮೇಲಷ್ಟೇ ಕಣ್ಣಾಡಿಸಿ ಬೇಕಾದ್ದು ಆರಿಸಿಕೊಳ್ಳುತ್ತಾನೆ. ಅಭ್ಯಾಸವಾದವರು ಮಾತಿನ ವೇಗವನ್ನು ಎರಡು, ಮೂರು ಪಟ್ಟು ಮಾಡಿಕೊಂಡು ಕೇಳುತ್ತಾರೆ; ನನ್ನ ಕಿವಿಗೆ ಅದು ಸಾಸಿವೆ ಸಿಡಿದ ಹಾಗಿತ್ತು. ಇದೆಲ್ಲ ಅಕ್ಷರ ಇದ್ದರೆ ಮಾತ್ರ ಆಗುತ್ತೆ. ಆಡಿಯೊದಲ್ಲಿ ಓದಿದವರ ವೇಗವೇ ನಿಮ್ಮ ವೇಗ. ಎಲ್ಲಿ ದನಿ ಎತ್ತಬೇಕು, ಎಲ್ಲಿ ಮರುಗಬೇಕು ಅಂತ ಅವರೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಕನ್ನಡ ಮೇಷ್ಟ್ರಿಗೆ ಅದು ಸೇರದೇ ಇರುವುದು ಸಹಜ.

ಇನ್ನು ಬ್ರೈಲ್. ನಿಮ್ಮ ಪತ್ರ ಮೀಟಿಂಗಿನಲ್ಲಿ ಓದಿದ ತಕ್ಷಣ ಬಂದ ಸಲಹೆ, "ಒಂದು ಬ್ರೈಲ್ ವಿಶೇಷಾಂಕ ತಂದುಬಿಡೋಣ, ಸಚಿವರನ್ನು ಕರೆಸಿ ಬಿಡುಗಡೆ ಮಾಡಿಸೋಣ." ಫೋಟೋ ಚೆನ್ನಾಗಿ ಬರುತ್ತಿತ್ತು, ನಿಜ. ಆದರೆ ನಿಮ್ಮ ಹಾಗೆ ದೊಡ್ಡವರಾದ ಮೇಲೆ ಕಣ್ಣು ಕಳೆದುಕೊಂಡ ಬಹಳ ಜನಕ್ಕೆ ಬ್ರೈಲ್ ಬರಲ್ಲ, ಬೆರಳಿನ ತುದಿಗೆ ಅದನ್ನು ಆ ವಯಸ್ಸಿನಲ್ಲಿ ಕಲಿಸುವುದು ಕಷ್ಟ. ದಪ್ಪ ಕಾಗದ, ಉಬ್ಬು ಚುಕ್ಕಿ. ನಮ್ಮ ಒಂದು ಸಂಚಿಕೆ ನಾಲ್ಕೈದು ಸಂಪುಟವಾದೀತು. ಒಂದು ಸಲ ಬಿಡುಗಡೆ ಮಾಡಿ ಮುಂದಿನ ತಿಂಗಳು ಮರೆತುಬಿಡುವ ಕೆಲಸ ಅದು. ಬೇಡ ಅಂದೆ.

ಹಾಗಂತ ಬ್ರೈಲ್ ಹಳೆಯದಾಯಿತು ಅನ್ನುವವರ ಜೊತೆ ನಾನಿಲ್ಲ. ಹುಟ್ಟಿನಿಂದ ಕಾಣದ ಮಗುವಿಗೆ ಪದದ ಆಕಾರ ತಿಳಿಯುವುದೇ ಬೆರಳಿನಿಂದ. ಬರೀ ಕೇಳಿ ಕಲಿತರೆ ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು, ಎಲ್ಲಿ ಪದ ಒಡೆಯುತ್ತೆ, ಒಂದೂ ಗಟ್ಟಿಯಾಗಲ್ಲ. ಈ ನೆಪದಲ್ಲಿ ಕನ್ನಡ ಬ್ರೈಲ್ ಹೇಗಿದೆ ಅಂತ ಕಲಿಯೋಕೆ ಕೂತೆ. ಬೆರಗಾಯಿತು. ಭಾರತದ ಭಾಷೆಗಳಿಗೆಲ್ಲ ಒಂದೇ ಆಗಿರುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಅದರಲ್ಲಿ ಒತ್ತಕ್ಷರ ಕೆಳಗಿಳಿಯುವುದೇ ಇಲ್ಲ. ಬ್ರೈಲಿನಲ್ಲಿ ಒಂದು ಮನೆ ಅಂದರೆ ಆರು ಚುಕ್ಕಿಯ ಜಾಗ. "ಅಕ್ಕ" ಬರೆಯಬೇಕಾದರೆ 'ಅ'ಗೆ ಒಂದು ಚುಕ್ಕಿ. ಮುಂದಿನ ಮನೆಯಲ್ಲಿ ನಾಲ್ಕನೇ ಚುಕ್ಕಿ ಒಂದೇ, ಅಂದರೆ "ಮುಂದೆ ಬರುವ ಅಕ್ಷರಕ್ಕೆ ಸ್ವರ ಇಲ್ಲ" ಅನ್ನೋ ಎಚ್ಚರಿಕೆ. ಆಮೇಲೆ 'ಕ', ಆಮೇಲೆ ಇನ್ನೊಂದು 'ಕ'. ನಾಲ್ಕೇ ಮನೆ, ನಾಲಿಗೆ ಹೊರಳಿದ ಕ್ರಮದಲ್ಲೇ. ಸೂರ್ಯ ಇಲ್ಲಿ ಸೂಯರ್ ಆಗೋಕೆ ಸಾಧ್ಯವೇ ಇಲ್ಲ. ಯೂನಿಕೋಡ್ ಕೂಡ ಉಚ್ಚಾರದ ಕ್ರಮದಲ್ಲೇ ಇಟ್ಟುಕೊಳ್ಳುತ್ತೆ. ನಡುವೆ ಬಂದ ನಾವು ಮಾತ್ರ ಕನ್ನಡವನ್ನು ಚಿತ್ರದ ಹಾಗೆ ಬಿಡಿಸುತ್ತಾ ಕೂತೆವು.

ಇದರಿಂದ ಒಂದು ಅನುಕೂಲವೂ ಇದೆ. ಚುಕ್ಕಿಗಳು ಎದ್ದು ಇಳಿಯುವ ಬ್ರೈಲ್ ಡಿಸ್‌ಪ್ಲೇ ಅನ್ನೋ ಸಾಧನವನ್ನು ಫೋನಿಗೋ ಕಂಪ್ಯೂಟರಿಗೋ ಜೋಡಿಸಿಕೊಳ್ಳಬಹುದು. ಕಡತ ಯೂನಿಕೋಡಿನಲ್ಲಿದ್ದರೆ ಅದೇ ಲೇಖನ ಒಬ್ಬರಿಗೆ ದನಿಯಾಗಿ, ಇನ್ನೊಬ್ಬರಿಗೆ ಚುಕ್ಕಿಯಾಗಿ, ಕಣ್ಣು ಮಂಜಾದ ಅಜ್ಜಿಗೆ ದೊಡ್ಡ ಅಕ್ಷರವಾಗಿ ಸಿಗುತ್ತೆ. ಸಾಧನ ಮಾತ್ರ ಬಹಳ ದುಬಾರಿ. ಆ ಮಾತು ಇನ್ನೊಮ್ಮೆ.

ನಮ್ಮ ಲೇಖಕರಲ್ಲಿ ಇಬ್ಬರು ಕಾಪಿರೈಟ್ ಬಗ್ಗೆ ಕೇಳಿದರು. ಪಠ್ಯದ ಕಡತ ಕೊಟ್ಟರೆ ಕದಿಯುತ್ತಾರೆ ಅನ್ನೋ ಭಯ. ನಮ್ಮ ಪಿಡಿಎಫ್ ಅಂಗಡಿಗೆ ಸಂಚಿಕೆ ಮುಟ್ಟುವ ಮುಂಚೆಯೇ ಹತ್ತು ವಾಟ್ಸಾಪ್ ಗುಂಪು ಸುತ್ತಿ ಬಂದಿರುತ್ತೆ, ಕಳ್ಳರಿಗೆ ಹೊಸದಾಗಿ ಬಾಗಿಲು ತೆಗೆಯೋದು ಏನೂ ಉಳಿದಿಲ್ಲ. ಕಾನೂನಂತೂ ನಿಮ್ಮ ಕಡೆಗೇ ಇದೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಅಂಗವಿಕಲರು ಓದುವ ರೂಪಕ್ಕೆ ಕೃತಿಯನ್ನು ಬದಲಾಯಿಸಿಕೊಡುವುದು, ಲಾಭಕ್ಕಲ್ಲದಿದ್ದರೆ, ಉಲ್ಲಂಘನೆ ಅಲ್ಲ. ಮರುವರ್ಷ ಮೊರಾಕ್ಕೋದ ಮರಕೇಶ್‌ನಲ್ಲಿ ಇದಕ್ಕೇ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಕಳ್ಳತನದ ಭಯ ಹೇಳುವವರಿಗೆ ಇದು ಗೊತ್ತೇ ಇರಲ್ಲ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಂಕು, ಸಿಮ್ಮು ಎಲ್ಲದಕ್ಕೂ ಕೇಳುವ ಡಿಜಿಟಲ್ ಕೆವೈಸಿಯ ಪ್ರಕರಣ. ಕ್ಯಾಮೆರಾ ಮುಂದೆ ಮುಖ ತೋರಿಸಿ ಕಣ್ಣು ಮಿಟುಕಿಸಿ ಅನ್ನುತ್ತೆ. ಆಸಿಡ್ ದಾಳಿಯಲ್ಲಿ ರೆಪ್ಪೆ ಸುಟ್ಟವರು ಮಿಟುಕಿಸುವುದು ಹೇಗೆ? ಕಾಣದವರು ಮುಖವನ್ನು ಚೌಕಟ್ಟಿನೊಳಗೆ ತರುವುದು ಹೇಗೆ? ಡಿಜಿಟಲ್ ಸೌಲಭ್ಯ ಎಲ್ಲರ ಕೈಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟು ಹೇಳಿತು, 20 ನಿರ್ದೇಶನ ಕೊಟ್ಟಿತು. ಪತ್ರಿಕೆ ಬ್ಯಾಂಕಲ್ಲ, ಆ ತೀರ್ಪು ನಮ್ಮನ್ನು ನೇರವಾಗಿ ಹಿಡಿಯಲ್ಲ. ಆದರೂ ನೋಟೀಸು ಬಂದ ಮೇಲೆ ಬಾಗಿಲು ತೆರೆಯೋ ಜನ ನಾವಾಗೋದು ಬೇಡ.

ಈಗ ನಾವು ಮಾಡುವುದು. ಮುಂದಿನ ಸಂಚಿಕೆಯಿಂದ ಪಿಡಿಎಫ್ ಜೊತೆಗೆ ಒಂದು ಇಪಬ್, ಅಂದರೆ ಇ-ಪುಸ್ತಕದ ಕಡತವೂ ನಿಮಗೆ ಬರುತ್ತೆ, ಪೂರ್ತಿ ಯೂನಿಕೋಡಿನಲ್ಲಿ. ಪ್ರತಿ ಲೇಖನದ ತಲೆಬರಹವನ್ನು ತಲೆಬರಹ ಅಂತಲೇ ಗುರುತು ಮಾಡಿರುತ್ತೇವೆ, ಒಂದರಿಂದ ಒಂದಕ್ಕೆ ಹಾರಬಹುದು. ಬರೀ ದಪ್ಪ ಅಕ್ಷರ ಮಾಡಿದರೆ ಅದು ಕಣ್ಣಿಗಷ್ಟೇ ತಲೆಬರಹ, ಫೋನಿಗೆ ಇನ್ನೊಂದು ಸಾಲು. ಲೇಖನದ ಮೊದಲ ಅಕ್ಷರವನ್ನು ದೊಡ್ಡದಾಗಿ ಕೂರಿಸುವ ನಮ್ಮ ಚಟದಿಂದ "ಮಳೆಗಾಲ" ಅನ್ನೋದು "ಮ", "ಳೆಗಾಲ" ಆಗಿತ್ತು. ಆ ಕಡತದಲ್ಲಿ ಅದಿರಲ್ಲ.

ಹಳೆಯ ಸಂಚಿಕೆಗಳು ಯುಗಾದಿಯೊಳಗೆ ಆಗುವುದಿಲ್ಲ. ಸುಮ್ನೆ ಆಯಿತು ಅಂತ ಹೇಳಿ ನಿಮ್ಮನ್ನು ಕಾಯಿಸಲಾರೆ. ಇನ್ನೂರಕ್ಕೂ ಜಾಸ್ತಿ ಸಂಚಿಕೆ ಇವೆ, ಪರಿವರ್ತಿಸಿದ ಪ್ರತಿ ಪುಟವನ್ನೂ ಒಬ್ಬರು ಕೂತು ಸೂಯರ್‌ಗಳನ್ನು ಹಿಡಿಯಬೇಕು, ನಮ್ಮಲ್ಲಿರುವವರು ನಾಲ್ಕೇ ಜನ. ತಿಂಗಳಿಗೆ ಎರಡು ಸಂಚಿಕೆ ಹಿಂದಕ್ಕೆ ಹೋಗುತ್ತೇವೆ. ನೀವು ಕೇಳಿದ ಆ ಎಂಟು ಪುಟ ಮಾತ್ರ ಈ ಉತ್ತರದ ಜೊತೆಗೇ ಕಳಿಸಿದ್ದೇನೆ. ಅದನ್ನು ತಡ ಮಾಡುವ ಮುಖ ನನಗಿಲ್ಲ.

ಚಿತ್ರಗಳಿಗೆ ವಿವರಣೆ ಬರೆಯುವುದು ಸುಲಭ ಅಂದುಕೊಂಡಿದ್ದೆ. ವ್ಯಂಗ್ಯಚಿತ್ರದ ಹತ್ತಿರ ಬಂದು ಸಿಕ್ಕಿಕೊಂಡೆ. ಈ ಸಲದ್ದು ಹೀಗಿದೆ: ಮಳೆ, ರಸ್ತೆಯ ನಡುವೆ ನೀರು ತುಂಬಿದ ಗುಂಡಿ, ದಡದಲ್ಲಿ ಒಬ್ಬ ಗಾಳ ಹಾಕಿ ಕೂತಿದ್ದಾನೆ, ಪಕ್ಕದ ಬೋರ್ಡಿನಲ್ಲಿ ಏನೋ ಬರೆದಿದೆ. ನಮ್ಮ ಹುಡುಗ ಮೊದಲು ಬರೆದದ್ದು "ವ್ಯಂಗ್ಯಚಿತ್ರ". ಅಷ್ಟೇ! ಎರಡನೇ ಸಲ "ರಸ್ತೆ ಗುಂಡಿಗೆ ಮೀನುಗಾರಿಕೆ ಇಲಾಖೆಯ ಬೋರ್ಡ್ ಹಾಕಿರುವ ವ್ಯಂಗ್ಯ, ನೀಲಿ ಅಂಗಿಯ ವ್ಯಕ್ತಿ, ಎರಡು ಮರ, ಒಂದು ನಾಯಿ". ಎಲ್ಲ ಇದೆ, ನಗು ಇಲ್ಲ. ಮೂರನೇ ಸಲ ನಾನೇ ಬರೆದೆ: "ಮಳೆ. ರಸ್ತೆ ನಡುವೆ ಕೆರೆಯಂಥ ಗುಂಡಿ. ಒಬ್ಬ ಕೊಡೆ ಹಿಡಿದು ಗಾಳ ಹಾಕಿ ಕೂತಿದ್ದಾನೆ. ಪಕ್ಕದಲ್ಲಿ ಸರ್ಕಾರಿ ಬೋರ್ಡು: ಇಲ್ಲಿ ಮೀನು ಹಿಡಿಯಲು ಪರವಾನಗಿ ಬೇಕು." ಕಣ್ಣು ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತೋ ಮಾತೂ ಅಲ್ಲೇ ನಿಲ್ಲಬೇಕು. ನಾಯಿಯನ್ನು ಬಿಟ್ಟೆ. ನಿಮಗೆ ನಗು ಬಂತೋ ಇಲ್ಲವೋ ಬರೆಯಿರಿ.

ಕೊನೆಗೆ ಪದಬಂಧ. ಚೌಕಗಳ ಚಿತ್ರ ಇಲ್ಲದೆ ಪದಬಂಧ ಹೇಗೆ ಅಂತ ಅದನ್ನು ಕಟ್ಟುವವರ ಜೊತೆ ಎರಡು ಸಂಜೆ ಕೂತೆವು. ಚೌಕ ಅಂದರೆ ಏನು? ಯಾವ ಪದಕ್ಕೆ ಎಷ್ಟು ಅಕ್ಷರ, ಯಾವ ಅಕ್ಷರ ಯಾವ ಪದದ್ದನ್ನು ದಾಟುತ್ತೆ, ಅಷ್ಟೇ ತಾನೆ. ಅದನ್ನು ಮಾತಿನಲ್ಲೇ ಹೇಳಿಬಿಟ್ಟರಾಯಿತು. ಒಂದು ಪುಟ್ಟ ಮಾದರಿ ಹಾಕಿದ್ದೇನೆ. ದಾರಿ ತಪ್ಪಿದರೆ ಎಲ್ಲಿ ಅಂತ ತಿಳಿಸಿ, ಆಮೇಲೆ ದೊಡ್ಡದನ್ನು ಕಟ್ಟುತ್ತೇವೆ.

ಅಡ್ಡ 1: ಮೈಸೂರಿನ ಹೆಸರು ಹೊತ್ತು ಮುಡಿಗೇರುವವಳು. ಮೂರು ಅಕ್ಷರ.

ಕೆಳಕ್ಕೆ 1: ಬಂದರೂ ಬೈಗುಳ, ಬಾರದಿದ್ದರೂ ಬೈಗುಳ. ಎರಡು ಅಕ್ಷರ. ಮೊದಲನೆಯದು ಅಡ್ಡ 1ರ ಮೊದಲ ಅಕ್ಷರ.

ಕೆಳಕ್ಕೆ 2: ನೆಲದೊಳಗೆ ಬೆಳೆದು ಸಂಕ್ರಾಂತಿಗೆ ಬೇಯುತ್ತೆ. ಮೂರು ಅಕ್ಷರ. ಮೊದಲನೆಯದು ಅಡ್ಡ 1ರ ಕೊನೆಯ ಅಕ್ಷರ.

ಉತ್ತರ ಮುಂದಿನ ಸಂಚಿಕೆಯಲ್ಲಿ.

- ಸಂ.